ಗಾಡಿಗೆ ಎಷ್ಟು ಲೋಡ್ ಹಾಕಬಹುದು? ಪಿಕಪ್, ಟಿಪ್ಪರ್ ಇಟ್ಟುಕೊಂಡವರಿಗೆ ಪೇಲೋಡ್ ಲೆಕ್ಕದ ಸಮಗ್ರ ಮಾರ್ಗದರ್ಶಿ

"1.3 ಟನ್ ಅಂತ ಪುಸ್ತಕದಲ್ಲಿ ಇರುತ್ತೆ ಅಷ್ಟೇ ಸಾರ್, ಎರಡು ಟನ್ ಆರಾಮಾಗಿ ಎಳೆಯುತ್ತೆ." ಹಾರ್ಡ್‌ವೇರ್ ಅಂಗಡಿಗೆ ಮೊದಲ ಪಿಕಪ್ ತೆಗೆದುಕೊಳ್ಳುವಾಗ ಷೋರೂಮಿನ ಹುಡುಗ ಹೇಳಿದ ಮಾತಿದು. ಅವನೇನೂ ಸುಳ್ಳು ಹೇಳಿರಲಿಲ್ಲ, ಗಾಡಿ ಎಳೆಯಿತು. ತಿಂಗಳೊಳಗೆ 40 ಮೂಟೆ ಸಿಮೆಂಟ್, ಅಂದರೆ ಸರಿಯಾಗಿ ಎರಡು ಟನ್, ಹೇರಿಕೊಂಡು ಸಕಲೇಶಪುರದಿಂದ ಹೊರಟೆವು. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬಂತು. ಪೆಡಲ್ ಒತ್ತಿದರೆ ಹತ್ತಿ ಒತ್ತಿದ ಹಾಗೆ. ಹೇಗೋ ಎರಡನೇ ಗೇರಿಗೆ ತಂದು, ಬೆಟ್ಟದ ಬದಿಗೆ ಒರಗಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮುಕ್ಕಾಲು ಗಂಟೆ ಕೂತೆವು.

ಎಳೆಯುವುದು ಎಂಜಿನ್. ಹೊರುವುದು ಆಕ್ಸಲ್ (ಚಕ್ರಗಳ ಅಚ್ಚು), ಕಮಾನು (ಪಟ್ಟಿ ಸ್ಪ್ರಿಂಗು), ಟೈರು. ನಿಲ್ಲಿಸುವುದು ಬ್ರೇಕು. ಷೋರೂಮಿನವನು ಮೊದಲನೆಯದರ ಬಗ್ಗೆ ಮಾತ್ರ ಮಾತಾಡಿದ್ದ ಅನ್ನುವುದು ಆ ಮುಕ್ಕಾಲು ಗಂಟೆಯಲ್ಲಿ ತಲೆಗೆ ಹೋಯಿತು. ಆಮೇಲೆ ಕಲಿತ ಲೆಕ್ಕವನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಕೂಡುವುದು, ಕಳೆಯುವುದು, ಒಂದೆರಡು ಕಡೆ ಗುಣಿಸುವುದು ಬಂದರೆ ಸಾಕು.

ಹಂತ 1: ಆರ್‌ಸಿಯಲ್ಲಿ ಎರಡು ಅಂಕಿ ಹುಡುಕಿ

ಒಂದು, ಗಾಡಿಯ ಖಾಲಿ ತೂಕ. ಕಾರ್ಡಿನಲ್ಲಿ ಅನ್‌ಲೇಡನ್ ವೇಟ್ ಅಂತ ಇರುತ್ತದೆ. ಇನ್ನೊಂದು, ಲೋಡ್ ಸೇರಿ ಗಾಡಿ ತೂಗಬಹುದಾದ ಗರಿಷ್ಠ ಒಟ್ಟು ತೂಕ. ಗ್ರಾಸ್ ವೆಹಿಕಲ್ ವೇಟ್, ಬಾಯಿಮಾತಿನಲ್ಲಿ ಜಿವಿಡಬ್ಲ್ಯು. ಪೇಲೋಡ್ ಅಂದರೆ ಇವೆರಡರ ನಡುವೆ ಉಳಿಯುವ ಶೇಷ. ನಮ್ಮ ಪಿಕಪ್‌ನ ಅಂಕಿಗಳನ್ನೇ ಕೊನೆಯವರೆಗೂ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ: ಒಟ್ಟು 2,990 ಕಿಲೋ, ಖಾಲಿ 1,690 ಕಿಲೋ. ಕಳೆದರೆ 1,300. ಜಾಹೀರಾತಿನ 1.3 ಟನ್ ಬಂದದ್ದು ಹೀಗೆ.

ಆದರೆ ಖಾಲಿ ತೂಕ ಅಂದರೆ ಏನು ಅನ್ನುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ: ಕೆಲಸಕ್ಕೆ ಬೇಕಾದ ಮಾಮೂಲಿ ಸಲಕರಣೆಗಳು ಸೇರುತ್ತವೆ, ಡ್ರೈವರ್ ಮತ್ತು ಸಹಾಯಕನ ತೂಕ ಸೇರುವುದಿಲ್ಲ. ಅಂದರೆ ಡ್ರೈವರ್ ಹತ್ತಿ ಕೂತ ಕ್ಷಣವೇ ನಿಮ್ಮ ಪೇಲೋಡ್‌ನಿಂದ ಒಂದೂವರೆ ಮೂಟೆ ಸಿಮೆಂಟು ಇಳಿಯಿತು ಅಂತ ತಿಳಿಯಿರಿ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಲಾರಿ ಓಡಿಸಿದವರನ್ನು ನೋಡಿದ್ದೇನೆ.

ಆಕ್ಸಲ್‌ಗಳ ಮಿತಿ ಬೇರೆಯೇ ಇರುತ್ತದೆ. ಮುಂದಿನ ಆಕ್ಸಲ್‌ಗೆ ಇಷ್ಟು, ಹಿಂದಿನದಕ್ಕೆ ಇಷ್ಟು ಅಂತ ಗಾಡಿಯ ಜೊತೆ ಬಂದ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಆ ಪುಟದ ಫೋಟೋ ತೆಗೆದು ಫೋನಿನಲ್ಲಿಡಿ, 5ನೇ ಹಂತದಲ್ಲಿ ಬೇಕು.

ಹಂತ 2: ಈಗಿರುವ ಗಾಡಿಯನ್ನು ತೂಗಿಸಿ

ಆರ್‌ಸಿಯ ಖಾಲಿ ತೂಕ ಗಾಡಿ ರಿಜಿಸ್ಟರ್ ಆದ ದಿನದ್ದು. ಅದಾದ ಮೇಲೆ ನಾವೇನು ಮಾಡುತ್ತೇವೆ? ಕ್ಯಾಬಿನ್ ಮೇಲೆ ಕ್ಯಾರಿಯರ್ ಕೂರಿಸುತ್ತೇವೆ. ಟೂಲ್ ಬಾಕ್ಸ್, ಟಾರ್ಪಾಲು, ಹಗ್ಗ, ಎರಡನೇ ಜಾಕ್. ಎಲ್ಲಕ್ಕಿಂತ ಹೆಚ್ಚಾಗಿ, ಜಲ್ಲಿ ಸುರಿದರೆ ಬಾಡಿ ಹಾಳಾಗುತ್ತದೆ ಅಂತ ತಳಕ್ಕೆ ಕಬ್ಬಿಣದ ಷೀಟು ಹೊಡೆಸುತ್ತೇವೆ. ನಮ್ಮದು 2.7 ಮೀಟರ್ ಉದ್ದ, 1.7 ಮೀಟರ್ ಅಗಲದ ಬಾಡಿ. 3 ಮಿಲಿಮೀಟರ್ ಷೀಟು. ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ, ಉಕ್ಕು 7.85 ಕಿಲೋ ತೂಗುತ್ತದೆ. ಗುಣಿಸಿದರೆ 108 ಕಿಲೋ. ಎರಡು ಮೂಟೆ ಸಿಮೆಂಟು ಪ್ರತಿ ಟ್ರಿಪ್ಪಿನಲ್ಲೂ ಬಾಡಿಗೆ ಕೊಡದೆ ಕೂತು ಬರುತ್ತಿದೆ ಅಂದ ಹಾಗೆ.

ವೇಬ್ರಿಡ್ಜಿಗೆ ಹೋಗುವಾಗ ದಿನದ ಕೆಲಸಕ್ಕೆ ಹೇಗೆ ಹೊರಡುತ್ತೀರೋ ಹಾಗೇ ಹೋಗಿ: ಟ್ಯಾಂಕ್ ಫುಲ್, ಸ್ಟೆಪ್ನಿ ಇರಲಿ, ಟಾರ್ಪಾಲು ಇರಲಿ. ಗಾಡಿ ಹತ್ತುವ ಮೊದಲು ಡಿಸ್ಪ್ಲೇ ಸೊನ್ನೆ ತೋರಿಸುತ್ತಿದೆಯೇ ನೋಡಿ. ಎಲ್ಲ ಚಕ್ರವೂ ಪ್ಲಾಟ್‌ಫಾರಂ ಮೇಲೆ ಬರಬೇಕು. ಎಂಜಿನ್ ಬಂದ್ ಮಾಡಿ ಎಲ್ಲರೂ ಕೆಳಗಿಳಿಯಿರಿ. ವೇಬ್ರಿಡ್ಜಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದೆ, ಅದರ ಪ್ರಮಾಣಪತ್ರ ಗೋಡೆ ಮೇಲೆ ಇದೆಯೇ ಅಂತ ಒಮ್ಮೆ ಕಣ್ಣಾಡಿಸಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಬೇರೆ ಕಡೆ ತೂಗಿಸಿ.

ನಮ್ಮ ಚೀಟಿಯಲ್ಲಿ ಬಂದದ್ದು 1,830 ಕಿಲೋ. ಪುಸ್ತಕಕ್ಕಿಂತ 140 ಕಿಲೋ ಜಾಸ್ತಿ.

ಹಂತ 3: ಕಳೆಯಿರಿ

2,990ರಲ್ಲಿ 1,830 ಹೋದರೆ 1,160. ಡ್ರೈವರ್ ಮತ್ತು ಒಬ್ಬ ಹಮಾಲಿ, ಇಬ್ಬರಿಗೂ ಸೇರಿ 130. ಉಳಿದದ್ದು 1,030 ಕಿಲೋ.

ಜಾಹೀರಾತಿನ ಲೆಕ್ಕದಲ್ಲಿ 26 ಮೂಟೆ ಸಿಮೆಂಟು, ನಿಜದಲ್ಲಿ 20. ಷೋರೂಮಿನವನ ಲೆಕ್ಕದಲ್ಲಿ 40. ಘಾಟಿಯಲ್ಲಿ ನಾವು ಇಳಿಸುತ್ತಿದ್ದ ಗಾಡಿ ಮಿತಿಗಿಂತ ಹತ್ತಿರ ಹತ್ತಿರ ಒಂದು ಟನ್ ಜಾಸ್ತಿ ತೂಗುತ್ತಿತ್ತು.

ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ಗಾಡಿ ನೋಡುತ್ತಿರುವವರು ಈ ಕಳೆಯುವ ಲೆಕ್ಕವನ್ನು ಇನ್ನೂ ಜೋಪಾನವಾಗಿ ಮಾಡಬೇಕು. ಸಿಲಿಂಡರ್, ಬ್ಯಾಟರಿಗಳ ಭಾರ ಖಾಲಿ ತೂಕಕ್ಕೇ ಸೇರುತ್ತದೆ. ಇಂಧನದ ಖರ್ಚು ಉಳಿಯುತ್ತದೆ ನಿಜ, ಆದರೆ ಅದೇ ಮಾಡೆಲ್ಲಿನ ಡೀಸೆಲ್ ಗಾಡಿಯಷ್ಟೇ ಸರಕು ಹೊರುತ್ತದೆ ಅಂತ ಅಂದುಕೊಳ್ಳಬೇಡಿ. ಎರಡೂ ಗಾಡಿಯ ಅಂಕಿ ಪಕ್ಕಪಕ್ಕ ಬರೆದು ನೋಡಿ.

ಹಂತ 4: ಸರಕನ್ನು ಕಿಲೋಗೆ ಇಳಿಸಿ

ಎಲ್ಲರೂ ಎಡವುವುದು ಇಲ್ಲಿ. ಬಾಡಿ ಕಣ್ಣಿಗೆ ಕಾಣುತ್ತದೆ, ತೂಕ ಕಾಣುವುದಿಲ್ಲ. ಮಂಡಕ್ಕಿ ಚೀಲ ಹೇರಿದರೆ ಬಾಡಿ ತುಂಬಿ ತುಳುಕಿದರೂ ಕಮಾನು ಅಲುಗುವುದಿಲ್ಲ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ಹಾಗಲ್ಲ.

ಎಂ-ಸ್ಯಾಂಡ್ ಒಂದು ಘನ ಮೀಟರಿಗೆ ಸುಮಾರು 1.6 ಟನ್. ನಮ್ಮ ಬಾಡಿಯ ಪಕ್ಕದ ಹಲಗೆ 45 ಸೆಂಟಿಮೀಟರ್ ಎತ್ತರ. ಅಂಚಿನ ಮಟ್ಟಕ್ಕೆ ತುಂಬಿದರೆ ಎರಡು ಘನ ಮೀಟರಿಗೂ ಚೂರು ಮೇಲೆ, ಅಂದರೆ 3.3 ಟನ್. ನಮಗಿರುವುದು 1,030 ಕಿಲೋ. ಅಷ್ಟಕ್ಕೆ ಮರಳು ಎಷ್ಟು ಎತ್ತರ ಬರುತ್ತದೆ ಅಂತ ಲೆಕ್ಕ ಹಾಕಿದೆ: 14 ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಆವತ್ತೇ ಬಾಡಿಯ ಒಳಗೆ ಸುತ್ತ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಸಿದೆ. ಕ್ರಷರಿನಲ್ಲಿ ಜೆಸಿಬಿಯವನು ಬಕೆಟ್ ಎತ್ತಿದಾಗ ನಮ್ಮ ಡ್ರೈವರ್ ತೋರಿಸುವುದು ಆ ಗೆರೆಯನ್ನೇ. "ಇಷ್ಟೇನಾ?" ಅಂತ ಅವನು ನಗುತ್ತಾನೆ, ನಗಲಿ.

ನಮ್ಮ ಕಡೆ ಮರಳು, ಜಲ್ಲಿ ವ್ಯವಹಾರ ಯೂನಿಟ್ ಲೆಕ್ಕದಲ್ಲಿ. ಒಂದು ಯೂನಿಟ್ ಅಂದರೆ 100 ಘನ ಅಡಿ, 2.83 ಘನ ಮೀಟರ್. ಎಂ-ಸ್ಯಾಂಡಾದರೆ ನಾಲ್ಕೂವರೆ ಟನ್, 20 ಎಂಎಂ ಜಲ್ಲಿಯಾದರೆ ಸುಮಾರು ನಾಲ್ಕೂಕಾಲು. ಮರಳಿಗೆ ಇನ್ನೊಂದು ಆಟವಿದೆ. ಸ್ವಲ್ಪ ಒದ್ದೆಯಾದ ಮರಳು ಉಬ್ಬುತ್ತದೆ, ಅದೇ ತೂಕಕ್ಕೆ ಜಾಗ ಜಾಸ್ತಿ ತಿನ್ನುತ್ತದೆ. ತೊಳೆದು ನೀರು ಸೋರುತ್ತಿರುವಾಗಲೇ ತುಂಬಿದರೆ ತೂಕ ಏರುತ್ತದೆ, ಕಾಸು ಕೊಟ್ಟು ನೀರು ಸಾಗಿಸಿದ ಹಾಗಾಗುತ್ತದೆ. ಅಡಿ ಲೆಕ್ಕ ಬಿಲ್ಲಿಗೆ ಇರಲಿ, ಗಾಡಿಗೆ ಕಿಲೋ ಲೆಕ್ಕವೇ ಆಗಬೇಕು.

ಕಬ್ಬಿಣಕ್ಕೆ ಬಾರ್ ಬೆಂಡರ್‌ಗಳ ಹಳೆಯ ಸೂತ್ರ ಸಾಕು: ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂ ಕಂಬಿಗೆ 0.89 ಕಿಲೋ, 12 ಮೀಟರಿನ ಪೂರ್ತಿ ಕಂಬಿಗೆ 10.7 ಕಿಲೋ. ನಮ್ಮ ಗಾಡಿಗೆ 96 ಕಂಬಿ. ಬಾಡಿ ಒಂಬತ್ತು ಅಡಿ, ಕಂಬಿ 40 ಅಡಿ ಅನ್ನುವ ತೊಂದರೆ ಬೇರೆ. ಮಡಚಿಸಿದರೂ 20 ಅಡಿ. ಹಿಂದಕ್ಕೆ ಚಾಚಿಸಿ ಕೆಂಪು ಬಟ್ಟೆ ಕಟ್ಟಿದರೆ ಆಯಿತು ಅನ್ನುವ ಕಾಲ ಹೋಯಿತು. ಬಾಡಿಯಿಂದ ಹೊರಗೆ ಚಾಚುವ ಲೋಡಿಗೂ ಈಗ 20,000 ರೂಪಾಯಿ ದಂಡ. ಕಬ್ಬಿಣಕ್ಕೆ ಉದ್ದದ ಗಾಡಿಯನ್ನೇ ಬಾಡಿಗೆಗೆ ಕರೆಸಿ.

ಸಾಲಿಡ್ ಬ್ಲಾಕು, ಆರಿಂಚಿನದು, ಒಂದೊಂದು ಸುಮಾರು 25 ಕಿಲೋ. 40 ಹಾಕಿದರೆ ಮುಗಿಯಿತು, ತಳದಲ್ಲಿ ಒಂದೇ ವರಸೆ ಜೋಡಿಸಿದಷ್ಟು. ಸೈಜುಗಲ್ಲು ಗ್ರಾನೈಟ್ ಜಾತಿಯದಾದರೆ ಒಂದು ಘನ ಮೀಟರಿಗೆ 2.6 ಟನ್‌ಗೂ ಮೇಲೆ. ನೀರು ಲೀಟರಿಗೆ ಒಂದು ಕಿಲೋ, ಇದರಲ್ಲಿ ಮಾತ್ರ ಯಾರೂ ಮೋಸ ಮಾಡಲಾರರು. ತರಕಾರಿಯವರು ಕ್ರೇಟಿನ ತೂಕ ಮರೆಯುತ್ತಾರೆ: ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕಿಲೋ ಹಣ್ಣು, ಖಾಲಿ ಕ್ರೇಟೂ ಸೇರಿಸಿ 17 ಹಿಡಿದರೆ ನಮ್ಮಂಥ ಗಾಡಿಗೆ 60 ಬಾಕ್ಸ್.

ಗೊತ್ತಿಲ್ಲದ ಸರಕು ಬಂದರೆ ಊಹಿಸಬೇಡಿ. ಒಂದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ, ಎಣಿಕೆಯಿಂದ ಗುಣಿಸಿ.

ಹಂತ 5: ಭಾರ ಎಲ್ಲಿ ಕೂರುತ್ತದೆ ನೋಡಿ

ಒಟ್ಟು ತೂಕ ಮಿತಿಯೊಳಗಿದ್ದರೂ ಗಾಡಿ ಓವರ್‌ಲೋಡ್ ಆಗಬಹುದು. ಬಾವಿಯಿಂದ ನೀರೆತ್ತುವ ಏತವನ್ನು ನೆನಪಿಸಿಕೊಳ್ಳಿ: ಏತದ ಮರದ ಮೇಲೆ ಮನುಷ್ಯ ಹಿಂದೆ ಮುಂದೆ ನಡೆದರೆ ಸಾಕು, ಅವನ ತೂಕ ಬದಲಾಗದಿದ್ದರೂ ಬಾನಿ ಮೇಲೇಳುತ್ತದೆ, ಕೆಳಗಿಳಿಯುತ್ತದೆ. ಗಾಡಿಯ ಚಾಸಿಯೂ ಅಂಥದೇ ಮರ, ಹಿಂದಿನ ಆಕ್ಸಲ್ ಅದರ ಆಧಾರ.

ಲೆಕ್ಕ ಇಷ್ಟೇ. ಮುಂದಿನ ಆಕ್ಸಲ್‌ನಿಂದ ಸರಕಿನ ನಡುಭಾಗಕ್ಕೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆಯಿರಿ. ಅದನ್ನು ಎರಡು ಆಕ್ಸಲ್‌ಗಳ ನಡುವಿನ ದೂರದಿಂದ ಭಾಗಿಸಿ. ಸರಕಿನ ಅಷ್ಟು ಪಾಲು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಅಲ್ಲಿ ಮೊದಲೇ ಇರುವ ಭಾರವನ್ನೂ ಕೂಡಿಸಿ, ಫೋಟೋ ತೆಗೆದಿಟ್ಟ ಮ್ಯಾನ್ಯುಯಲ್ ಪುಟದ ಮಿತಿಯೊಳಗಿದೆಯೇ ನೋಡಿ.

ನಮ್ಮ ಗಾಡಿಯ ಆಕ್ಸಲ್‌ಗಳ ನಡುವೆ 3,000 ಮಿಲಿಮೀಟರ್. ಇಬ್ಬರು ಕೂತು, ಸರಕಿಲ್ಲದೆ, ಹಿಂದಿನ ಆಕ್ಸಲ್ ಮೇಲಿರುವುದು 920 ಕಿಲೋ. ಸಿಮೆಂಟನ್ನು ಬಾಡಿಯ ತುಂಬ ಸಮನಾಗಿ ಹರಡಿದರೆ ನಡುಭಾಗ 2,700ಕ್ಕೆ ಬರುತ್ತದೆ, ನೂರಕ್ಕೆ 90 ಪಾಲು ಹಿಂದಕ್ಕೆ: 1,030ರಲ್ಲಿ 927 ಕಿಲೋ. ಒಟ್ಟು 1,847. ಅದೇ ಮೂಟೆಗಳನ್ನು, ಇಳಿಸಲು ಸುಲಭ ಅಂತ, ಹಿಂಬಾಗಿಲ ಹತ್ತಿರವೇ ಪೇರಿಸಿದರೆ? ನಡುಭಾಗ 3,300ಕ್ಕೆ ಹೋಗುತ್ತದೆ. ಈಗ ಪಾಲು ನೂರಕ್ಕೆ 110. ಹಿಂದಿನ ಆಕ್ಸಲ್‌ಗೆ 1,133 ಸೇರಿ 2,053 ಕಿಲೋ. ಹೆಚ್ಚಾದ ಆ 103 ಕಿಲೋ ಬಂದದ್ದು ಮುಂದಿನ ಚಕ್ರದಿಂದ. ಸ್ಟೇರಿಂಗ್ ಹಗುರಾದಂತೆ ಅನಿಸುವುದು, ತಿರುವಿನಲ್ಲಿ ಗಾಡಿ ಮಾತು ಕೇಳದಿರುವುದು ಇದರಿಂದಲೇ.

ಹಿಂದಿನ ಟೈರಿನ ಪಕ್ಕದಲ್ಲಿ ಅಳತೆಯ ಜೊತೆಗೆ 106/104 ಅಂತ ಒಂದು ಅಂಕಿ ಇದೆ. ಅದು ಲೋಡ್ ಇಂಡೆಕ್ಸ್. 106 ಅಂದರೆ ಒಂಟಿ ಟೈರಾಗಿ 950 ಕಿಲೋ. 104 ಅಂದರೆ ಜೋಡಿ ಟೈರಿನಲ್ಲಿ ಒಂದೊಂದಕ್ಕೂ 900. ನಮಗೆ ಹಿಂದೆ ಎರಡೇ ಟೈರು, ಅಂದರೆ 1,900 ಕಿಲೋ, ಅದೂ ಗಾಳಿ ಪೂರ್ತಿ ಇದ್ದರೆ. 1,900 ಹೊರುವ ಟೈರಿಗೆ 2,053 ಬಿದ್ದದ್ದು ಒಂದು ಮೂಟೆಯನ್ನೂ ಹೆಚ್ಚಿಗೆ ಹೇರದೆ.

ಟೇಪಿನ ಲೆಕ್ಕ ನಂಬದವರು ವೇಬ್ರಿಡ್ಜಿನಲ್ಲೇ ನೋಡಬಹುದು. ಮೊದಲು ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲೆ ತಂದು ಒಂದು ತೂಕ, ಆಮೇಲೆ ಇಡೀ ಗಾಡಿ. ಕಳೆದರೆ ಹಿಂದಿನದು ಸಿಕ್ಕಿತು. ಹತ್ತುವ ದಾರಿ ಪ್ಲಾಟ್‌ಫಾರಂ ಮಟ್ಟಕ್ಕೇ ಇರಬೇಕು, ಇಳಿಜಾರಿದ್ದರೆ ಅಂಕಿ ತಪ್ಪುತ್ತದೆ.

ಎಕ್ಸ್‌ಟ್ರಾ ಪ್ಲೇಟಿನ ಬಗ್ಗೆ ಎರಡು ಮಾತು

ಘಾಟಿಯ ಪ್ರಸಂಗವಾದ ಮೇಲೆ ಎಲ್ಲರೂ ಕೊಟ್ಟ ಸಲಹೆ ಒಂದೇ: "ಕಮಾನಿಗೆ ಇನ್ನೆರಡು ಪ್ಲೇಟು ಹಾಕ್ಸಿ, ಏನೂ ಆಗಲ್ಲ." ಪ್ಲೇಟು ಹಾಕಿಸಿದರೆ ಗಾಡಿಯ ಹಿಂಭಾಗ ಕೂರುವುದಿಲ್ಲ, ಅಷ್ಟೇ. ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಡ್ರಮ್ ಅದೇ, ಟೈರಿನ 950 ಕಿಲೋ ಅದೇ. ಆರ್‌ಸಿಯ 2,990 ಕೂಡ ಅದೇ. ಹಿಂಭಾಗ ಕೂರುವುದು ಗಾಡಿ ನಮಗೆ ಕೊಡುವ ಸೂಚನೆ. ಪ್ಲೇಟು ಹಾಕಿಸಿದರೆ ಸೂಚನೆ ಕಾಣದಂತಾಗುತ್ತದೆ, ಭಾರ ಹಾಗೇ ಇರುತ್ತದೆ. ಹೊಸ ಪ್ಲೇಟುಗಳ ತೂಕವೂ ಪೇಲೋಡ್‌ನಲ್ಲೇ ಕಳೆಯುತ್ತದೆ ಅನ್ನುವುದು ಇದರ ತಮಾಷೆ.

ಹಂತ 6: ದೊಡ್ಡ ಗಾಡಿಗೂ ಇದೇ ಲೆಕ್ಕ

ಆರು ಚಕ್ರದ ಲಾರಿಗಳಿಗೆ 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿತು. ಹಿಂದೆ ನಾಲ್ಕು ಟೈರಿರುವ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು, ಎರಡು ಆಕ್ಸಲ್‌ನ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್‌ಗೆ ಹೋಯಿತು. ಆದರೆ ನಿಮ್ಮ ಗಾಡಿಗೆ ಲೆಕ್ಕ ನಿಮ್ಮ ಆರ್‌ಸಿಯಲ್ಲಿ ಇರುವುದೇ. ಪಕ್ಕದವನ ಹೊಸ ಲಾರಿಗೆ 18.5 ಇದೆ ಅಂತ ನಿಮ್ಮ ಹಳೆಯದಕ್ಕೂ ಹಾಕಲು ಹೋಗಬೇಡಿ.

ಟಿಪ್ಪರ್ ತೆಗೆದುಕೊಳ್ಳಿ. ಹೈಡ್ರಾಲಿಕ್ಕು, ದಪ್ಪ ತಗಡಿನ ಬಾಡಿ ಎಲ್ಲ ಸೇರಿ ಖಾಲಿ ತೂಕ 7 ಟನ್ ಅಂತ ಇಟ್ಟುಕೊಳ್ಳೋಣ. 18.5ರಲ್ಲಿ ಉಳಿದದ್ದು 11.5 ಟನ್. ಎಂ-ಸ್ಯಾಂಡಿನಲ್ಲಿ ಇದು 7 ಘನ ಮೀಟರಿಗೆ ಚೂರು ಮೇಲೆ, ಅಂದರೆ ಎರಡೂವರೆ ಯೂನಿಟ್. ಬಾಡಿ ಮಾತ್ರ 10 ಘನ ಮೀಟರಿನದು ಕಟ್ಟಿಸಿರುತ್ತಾರೆ, ಅಂಚಿನವರೆಗೆ ತುಂಬಿದರೆ 16 ಟನ್. ದೊಡ್ಡ ಬಾಡಿ ಕಟ್ಟಿಸುವುದು ಹಗುರ ಸರಕಿಗೆ ಸರಿ. ಮರಳಿನವನಿಗೆ ಅದು ದಿನಾ ಬೆಳಗ್ಗೆ ಎದುರಿಗೆ ಬಂದು ನಿಲ್ಲುವ ಆಸೆ.

ನೀರಿನ ಟ್ಯಾಂಕರಿನವರಿಗೆ ಇದು ಇನ್ನೂ ಬಿಗಿ. 12,000 ಲೀಟರ್ ಅಂದರೆ ನೀರೇ 12 ಟನ್; ಟ್ಯಾಂಕು, ಪಂಪು, ಪೈಪು ಬೇರೆ. ಹಳೆಯ 16.2 ಟನ್ ಚಾಸಿಯ ಮೇಲೆ ಅಷ್ಟು ದೊಡ್ಡ ಟ್ಯಾಂಕು ಕೂತಿದ್ದರೆ ಚಾಸಿ, ಟ್ಯಾಂಕು ಎಲ್ಲ ಸೇರಿ 4.2 ಟನ್ ಒಳಗಿರಬೇಕು, ಅದು ಆಗದ ಮಾತು. ಟ್ಯಾಂಕ್ ಅರ್ಧ ಖಾಲಿ ಮಾಡಿಕೊಂಡು ಓಡಿಸಿದರೆ ಸುರಕ್ಷಿತ ಅಂತಲೂ ಅಲ್ಲ: ಒಳಗೆ ತಡೆಹಲಗೆ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ.

ಹಂತ 7: ಸಿಕ್ಕಿಬಿದ್ದರೆ ಎಷ್ಟು ಬೀಳುತ್ತದೆ

ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್, 2019ರ ತಿದ್ದುಪಡಿಯಾದ ಮೇಲೆ: ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್‌ಗೆ 2,000. ಹೆಚ್ಚಿನ ಸರಕು ಇಳಿಸುವ ಖರ್ಚೂ ನಮ್ಮದೇ, ಇಳಿಸದೆ ಗಾಡಿ ಬಿಡುವುದಿಲ್ಲ. ತೂಕ ಮಾಡಿಸಲು ನಿಲ್ಲಿಸದೆ ಓಡಿಸಿಕೊಂಡು ಹೋದರೆ 40,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಹೇಳಿದವನೂ ಹೊಣೆ. "ಡ್ರೈವರ್ ಹೇರಿದ್ದು, ನನಗೆ ಗೊತ್ತಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಕಾಗದಗಳಲ್ಲಿ ತೂಕದ ಚೀಟಿಯೂ ಒಂದು.

ರಸ್ತೆಗಾಗುವ ಪೆಟ್ಟಿಗೆ ನೇರ ದಂಡ ಇಲ್ಲ, ಆದರೂ ಹೇಳಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆ ಕಟ್ಟಿ, ಲಾರಿ ಓಡಿಸಿ ಮಾಡಿದ ಪರೀಕ್ಷೆಯಿಂದ ಬಂದ ಲೆಕ್ಕವಿದು: ಆಕ್ಸಲ್ ಮೇಲಿನ ಭಾರ ಏರಿದಂತೆ ರಸ್ತೆಗಾಗುವ ಹಾನಿ ಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ. ನೂರಕ್ಕೆ 20 ಹೆಚ್ಚು ಹೇರಿದರೆ ಹಾನಿ ಎರಡು ಪಟ್ಟು. 50 ಹೆಚ್ಚು ಹೇರಿದರೆ ಐದು ಪಟ್ಟು. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ರಸ್ತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 8: ಹೊಸ ಗಾಡಿ ಕೊಳ್ಳುವಾಗ

ಲೆಕ್ಕವನ್ನು ತಿರುಗಿಸಿ ಮಾಡಿ. ಒಂದು ಟ್ರಿಪ್ಪಿಗೆ ಸಾಮಾನ್ಯವಾಗಿ ಎಷ್ಟು ಕಿಲೋ ಸಾಗಿಸುತ್ತೀರಿ ಅಂತ ಹಳೆಯ ಬಿಲ್ಲುಗಳಿಂದ ತೆಗೆಯಿರಿ. ಅದಕ್ಕೆ ಜನರ ತೂಕ, ನೀವು ಹಾಕಿಸಲಿರುವ ಷೀಟು, ಕ್ಯಾರಿಯರ್ ಸೇರಿಸಿ. ಆ ಮೊತ್ತ ಜಾಹೀರಾತಿನ ಪೇಲೋಡ್‌ಗಿಂತ ಕಡಿಮೆ ಇರುವ ಗಾಡಿ ನೋಡಿ. ವರ್ಷಕ್ಕೆ ಎರಡು ಸಲ ಬರುವ ದೊಡ್ಡ ಲೋಡಿಗಾಗಿ ದೊಡ್ಡ ಗಾಡಿ ಕೊಳ್ಳಬೇಡಿ, ಆ ಎರಡು ದಿನ ಬಾಡಿಗೆಗೆ ಕರೆಸಿ.

ಲೈಸೆನ್ಸಿನದೂ ಒಂದು ಗೆರೆ ಇದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೊಟ್ಟ ತೀರ್ಪಿನಂತೆ, ಒಟ್ಟು ತೂಕ 7,500 ಕಿಲೋ ದಾಟದ ಸರಕು ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು. ನೋಡಬೇಕಾದದ್ದು ಜಿವಿಡಬ್ಲ್ಯು, ಪೇಲೋಡ್ ಅಲ್ಲ. ಅದರ ಮೇಲಿನ ಗಾಡಿ ಕೊಂಡರೆ ಡ್ರೈವರ್ ಬೇರೆ, ಸಂಬಳ ಬೇರೆ.

ನಮ್ಮಲ್ಲಿ ಈಗ 40 ಮೂಟೆ ಆರ್ಡರ್ ಬಂದರೆ ಎರಡು ಟ್ರಿಪ್. ಘಾಟಿಯ ಕೆಳಗಿನ ಸೈಟಾದರೆ ದೊಡ್ಡ ಗಾಡಿ ಕರೆಸಿ ಅದರ ಬಾಡಿಗೆಯನ್ನು ಬಿಲ್ಲಿನಲ್ಲೇ ತೋರಿಸುತ್ತೇವೆ; ಕೆಲವರು ಬೇರೆ ಅಂಗಡಿಗೆ ಹೋದರು, ಹೆಚ್ಚಿನವರು ಹೋಗಲಿಲ್ಲ. "ಇನ್ನು ನಾಲ್ಕು ಮೂಟೆ ಹಾಕಿ ಮಾರಾಯ್ರೆ, ಏನಾಗ್ತದೆ" ಅನ್ನುವ ಗಿರಾಕಿಗೆ ಡ್ರೈವರ್ ವಾದ ಮಾಡುವುದಿಲ್ಲ, ಕ್ಯಾಬಿನ್ನಿನ ಕನ್ನಡಿ ಹತ್ತಿರ ಅಂಟಿಸಿದ ಚೀಟಿ ತೋರಿಸುತ್ತಾನೆ. ಸಿಮೆಂಟು 20, ಆರಿಂಚು ಬ್ಲಾಕು 40, 12 ಎಂಎಂ ಕಂಬಿ ಅನ್ನುವ ಸಾಲಿಗೆ ಅಡ್ಡಗೆರೆ. ಎಂ-ಸ್ಯಾಂಡಿನ ಮುಂದೆ ನಾನು ಘನ ಅಡಿ ಬರೆದಿದ್ದೆ. ಅವನು ಅದನ್ನು ಹೊಡೆದುಹಾಕಿ "ಹಳದಿ ಗೆರೆ" ಅಂತ ತನ್ನ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ.